ಡಿಎಸ್‌ಎಲ್‌ಆರ್ ಹಳೆಯದಾಯಿತೆಂದು ಹೊಸ ಕ್ಯಾಮೆರಾ ಕೊಳ್ಳಬೇಕೇ?

ಮನೆಯಲ್ಲಿ ಎಂಟು-ಹತ್ತು ವರ್ಷದ ಹಿಂದೆ ಕೊಂಡ ಚಿಕ್ಕ ಡಿಎಸ್‌ಎಲ್‌ಆರ್ ಇದೆ. ಅದರ ಜೊತೆಗೇ ಬಂದ 18-55 ಎಂಎಂ ಲೆನ್ಸ್ ಇದೆ. ಹಗಲು ಹೊತ್ತು ಫೋಟೊ ಚೆನ್ನಾಗಿಯೇ ಬರುತ್ತದೆ. ರಾತ್ರಿಯ ಕಾರ್ಯಕ್ರಮಕ್ಕೆ ಒಯ್ದರೆ ಮಾತ್ರ ಒಂದೋ ಮಸುಕು, ಇಲ್ಲವೇ ಮರಳು ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ. ಪಕ್ಕದಲ್ಲಿ ಕುಳಿತವರ ಮೊಬೈಲಿನಲ್ಲಿ ಅದೇ ವೇದಿಕೆ ಝಗಮಗಿಸುತ್ತಿರುತ್ತದೆ. 'ಕ್ಯಾಮೆರಾ ಬದಲಿಸುವ ಕಾಲ ಬಂತು' ಅನ್ನಿಸುವುದು ಸಾಮಾನ್ಯವಾಗಿ ಆಗಲೇ.

ಅಂಗಡಿಯಲ್ಲಿ ಕೇಳಿದರೆ "ಡಿಎಸ್‌ಎಲ್‌ಆರ್ ಕಾಲ ಮುಗೀತು, ಮಿರರ್‌ಲೆಸ್ ತಗೊಳ್ಳಿ" ಅನ್ನುತ್ತಾರೆ. ಪಳಗಿದ ಛಾಯಾಗ್ರಾಹಕರನ್ನು ಕೇಳಿದರೆ "ಕ್ಯಾಮೆರಾದಲ್ಲೇನಿದೆ, ಎಲ್ಲ ಇರೋದು ಕಣ್ಣಲ್ಲಿ" ಅನ್ನುತ್ತಾರೆ. ಹಲವು ತಿಂಗಳ ಕಂತು ಕಟ್ಟಿ ಕ್ಯಾಮೆರಾ ಕೊಳ್ಳುವವರಿಗೆ ಈ ಎರಡು ಉತ್ತರಗಳಿಂದಲೂ ಪ್ರಯೋಜನವಿಲ್ಲ. ನಿಮ್ಮ ಫೋಟೊಗಳು ಯಾವ ಕಾರಣಕ್ಕೆ ಕೆಡುತ್ತಿವೆ ಎನ್ನುವುದನ್ನು ಎರಡೂ ಕೇಳುವುದಿಲ್ಲ. ಆ ಕಾರಣವನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು.

ಉದಾಹರಣೆಗೆ ಒಂದು ನಿರ್ದಿಷ್ಟ ಕ್ಯಾಮೆರಾವನ್ನು ಇಟ್ಟುಕೊಳ್ಳೋಣ: ಕ್ಯಾನನ್ ಇಒಎಸ್ 100ಡಿ. 2013ರಲ್ಲಿ ಬಂದಾಗ ಎಪಿಎಸ್-ಸಿ ಸೆನ್ಸರ್ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಇದೇ ಅತ್ಯಂತ ಚಿಕ್ಕದು, ಹಗುರವಾದದ್ದು ಎಂದು ಕಂಪನಿ ಹೇಳಿಕೊಂಡಿತ್ತು. ಬ್ಯಾಟರಿ, ಕಾರ್ಡ್ ಸೇರಿ ತೂಕ ಸುಮಾರು 407 ಗ್ರಾಂ. 18 ಮೆಗಾಪಿಕ್ಸೆಲ್, 9 ಫೋಕಸ್ ಬಿಂದುಗಳು, ಸೆಕೆಂಡಿಗೆ 4 ಫೋಟೊ. 2017ರಲ್ಲಿ ಇದರ ತಮ್ಮ 200ಡಿ, 2019ರಲ್ಲಿ 200ಡಿ ಮಾರ್ಕ್ 2 ಬಂದವು. ನಿಕಾನ್‌ನ ಡಿ3300, ಡಿ3500 ಕೂಡ ಇದೇ ವರ್ಗದವು. ನಿಮ್ಮಲ್ಲಿರುವುದು ಇವುಗಳಲ್ಲಿ ಯಾವುದಾದರೂ ಮುಂದಿನ ಮಾತು ಬಹುಪಾಲು ಅನ್ವಯಿಸುತ್ತದೆ.

ಕಾಲ ಮುಗಿದದ್ದು ಯಾರದ್ದು?

ಅಂಗಡಿಯವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಸೋನಿ 2021ರಲ್ಲಿ ತನ್ನ ಎ-ಮೌಂಟ್ ಕ್ಯಾಮೆರಾಗಳನ್ನು ನಿಲ್ಲಿಸಿತು. ಡಿ3500 ಈಗ ತಯಾರಾಗುತ್ತಿಲ್ಲ. ಕ್ಯಾನನ್‌ನ ಮುಖ್ಯಸ್ಥರು 2021ರ ಕೊನೆಯಲ್ಲಿ, 1ಡಿ ಎಕ್ಸ್ ಮಾರ್ಕ್ 3 ತಮ್ಮ ಕೊನೆಯ ಅತ್ಯುನ್ನತ ಶ್ರೇಣಿಯ ಡಿಎಸ್‌ಎಲ್‌ಆರ್ ಎಂದು ಜಪಾನಿನ ಪತ್ರಿಕೆಯೊಂದಕ್ಕೆ ಹೇಳಿದರು. ಪೆಂಟಾಕ್ಸ್ ಒಂದನ್ನು ಬಿಟ್ಟರೆ ದೊಡ್ಡ ಹೆಸರುಗಳೆಲ್ಲ ಮಿರರ್‌ಲೆಸ್ ಕಡೆಗೆ ಹೊರಳಿವೆ.

ಇದರರ್ಥ ಹೊಸ ಡಿಎಸ್‌ಎಲ್‌ಆರ್ ಬಾಡಿ, ಹೊಸ ಲೆನ್ಸ್ ಬರುವ ಸಂಭವ ಕಡಿಮೆ ಎಂದಷ್ಟೇ. ಕಪಾಟಿನಲ್ಲಿರುವ 100ಡಿ ಕಳೆದ ವರ್ಷ ತೆಗೆದಂಥ ಫೋಟೊವನ್ನೇ ಈ ವರ್ಷವೂ ತೆಗೆಯುತ್ತದೆ. ಮೊಬೈಲಿನ ಹಾಗೆ ಅಪ್‌ಡೇಟ್ ನಿಂತು ಆ್ಯಪ್‌ಗಳು ಕೈಕೊಡುವ ತೊಂದರೆ ಇಲ್ಲಿಲ್ಲ. ಇನ್ನೊಂದು ಕಡೆ ನೋಡಿದರೆ, ಎಲ್ಲರೂ ಮಿರರ್‌ಲೆಸ್ ಕಡೆ ಓಡುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಇದು ಮಾರುವವರಿಗೆ ನಷ್ಟ, ಇಟ್ಟುಕೊಳ್ಳುವವರಿಗೆ ಲಾಭ.

ಕೆಟ್ಟ ಫೋಟೊಗಳನ್ನು ಅಳಿಸಬೇಡಿ

ನಾವು ಸಾಮಾನ್ಯವಾಗಿ ಚೆನ್ನಾಗಿ ಬಂದ ಫೋಟೊಗಳನ್ನು ಇಟ್ಟುಕೊಂಡು ಉಳಿದವನ್ನು ಅಳಿಸುತ್ತೇವೆ. ಕ್ಯಾಮೆರಾ ಬದಲಿಸುವ ಯೋಚನೆ ಬಂದಾಗ ಇದನ್ನು ತಿರುವುಮುರುವು ಮಾಡಬೇಕು. ಎರಡು-ಮೂರು ತಿಂಗಳು ಏನನ್ನೂ ಅಳಿಸದೆ, ಬೇಸರ ತಂದ ಫೋಟೊಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ. ನೂರು ಸೇರಿದರೆ ಸಾಕು.

ಪ್ರತಿ ಫೋಟೊದ ಒಳಗೂ ಅದನ್ನು ತೆಗೆದಾಗಿನ ವಿವರ ಅಡಗಿರುತ್ತದೆ. ಲೆನ್ಸ್ ಎಷ್ಟು ಎಂಎಂನಲ್ಲಿತ್ತು, ಅಪರ್ಚರ್ ಎಷ್ಟು ತೆರೆದಿತ್ತು, ಶಟರ್ ವೇಗ ಎಷ್ಟು, ಐಎಸ್‌ಒ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಫೋಟೊವನ್ನು ಪೂರ್ತಿ ಹಿಗ್ಗಿಸಿ, ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಅದು ಕೆಟ್ಟದ್ದೇಕೆ ಎಂದು ಒಂದೇ ಪದದಲ್ಲಿ ಬರೆಯಿರಿ.

ಹಿನ್ನೆಲೆ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದಾನೆ, ಶಟರ್ ವೇಗ 1/40 ಸೆಕೆಂಡ್ ಎಂದಿದ್ದರೆ ಅವನು ಅಲುಗಾಡಿದ್ದಾನೆ. ಹಿನ್ನೆಲೆಯೂ ಸೇರಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಮೂಗು ಮಸುಕು, ಕಿವಿ ಸ್ಪಷ್ಟ ಎಂದಾದರೆ ಫೋಕಸ್ ತಪ್ಪಿದೆ. ಐಎಸ್‌ಒ 6400 ಇದ್ದು ಚುಕ್ಕೆಗಳು ತುಂಬಿದ್ದರೆ ಬೆಳಕಿನ ಕೊರತೆ. ಹಕ್ಕಿ ಚೌಕಟ್ಟಿನ ಮಧ್ಯದಲ್ಲಿ ಕಡಲೆಕಾಳಿನಷ್ಟಿದ್ದರೆ ಲೆನ್ಸ್ ಅಲ್ಲಿಗೆ ಮುಟ್ಟಿಲ್ಲ. ತಾಂತ್ರಿಕವಾಗಿ ಎಲ್ಲ ಸರಿಯಿದ್ದೂ ನೋಡಲು ಸಪ್ಪೆಯಾಗಿದ್ದರೆ, ಅದಕ್ಕೆ ಯಾವ ಕಂಪನಿಯೂ ಮದ್ದು ಮಾರುವುದಿಲ್ಲ.

ಇವುಗಳಲ್ಲಿ ಕೈ ಅಲುಗುವುದಕ್ಕೆ ಲೆನ್ಸಿನಲ್ಲಿರುವ ಐಎಸ್ ಎಂಬ ಸ್ಥಿರೀಕರಣ ನೆರವಾಗುತ್ತದೆ. ಎದುರಿಗಿರುವವರು ಅಲುಗಿದರೆ ಅದು ಏನೂ ಮಾಡಲಾರದು. 'ಸ್ಟೆಬಿಲೈಸೇಶನ್ ಇದ್ದರೆ ಮಕ್ಕಳ ಆಟದ ಫೋಟೊ ಮಸುಕಾಗುವುದಿಲ್ಲ' ಎನ್ನುವುದು ಬಹಳ ಹರಡಿರುವ ತಪ್ಪು ತಿಳಿವಳಿಕೆ.

ನೂರು ಫೋಟೊಗಳ ಪಟ್ಟಿ ಮುಗಿಯುವಷ್ಟರಲ್ಲಿ ಒಂದು ಕಾರಣ ಉಳಿದವನ್ನು ಹಿಂದಿಕ್ಕಿರುತ್ತದೆ. ಚಿಕ್ಕ ಡಿಎಸ್‌ಎಲ್‌ಆರ್ ಇಟ್ಟುಕೊಂಡ ಹೆಚ್ಚಿನವರಲ್ಲಿ ಅದು ಬೆಳಕಿನ ಕೊರತೆಯೇ ಆಗಿರುತ್ತದೆ ಎನ್ನುವುದು ನನ್ನ ಅನಿಸಿಕೆ. ಹಾಗಾಗಿ ಅದನ್ನೇ ಮೊದಲು ಬಿಡಿಸಿ ನೋಡೋಣ.

ಬೆಳಕಿನ ಲೆಕ್ಕ

ಯಕ್ಷಗಾನದ ರಂಗಸ್ಥಳವನ್ನು ನೆನಪಿಸಿಕೊಳ್ಳಿ. ನೀವು ಐದಾರು ಸಾಲು ಹಿಂದೆ ಕುಳಿತು 18-55 ಲೆನ್ಸನ್ನು 55ರವರೆಗೆ ಚಾಚಿದ್ದೀರಿ. ಅಲ್ಲಿ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ 6400ಕ್ಕೆ ಏರಿಸಿದರೂ ಶಟರ್ ವೇಗ 1/60 ಸೆಕೆಂಡ್ ಸಿಕ್ಕಿತು ಎಂದುಕೊಳ್ಳೋಣ. ವೇಷಧಾರಿ ಧೀಂಗಿಣ ಹಾಕಲು ಶುರು ಮಾಡಿದರೆ 1/60 ಎಲ್ಲಿಗೂ ಸಾಲದು. ಕಿರೀಟ ಒಂದು ಕೆಂಪು ಗೆರೆಯಾಗಿ ಉಳಿಯುತ್ತದೆ.

ಈಗ ಎರಡು ದಾರಿಗಳಿವೆ. ಒಂದು, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ಕೊಳ್ಳುವುದು. ಅದರ ಸೆನ್ಸರ್ 36 × 24 ಮಿ.ಮೀ., ಕ್ಯಾನನ್‌ನ ಎಪಿಎಸ್-ಸಿ ಸೆನ್ಸರ್ ಸುಮಾರು 22.3 × 14.9 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ ಸುಮಾರು 2.6 ಪಟ್ಟು. ಅಂದರೆ ಅದೇ ಎಫ್/5.6ರಲ್ಲಿ ಅದೇ ದೃಶ್ಯವನ್ನು ತೆಗೆದರೆ ಒಟ್ಟು 2.6 ಪಟ್ಟು ಬೆಳಕು ಸಿಗುತ್ತದೆ, ಚುಕ್ಕೆಗಳು ಆ ಪ್ರಮಾಣಕ್ಕೆ ತಗ್ಗುತ್ತವೆ.

ಇನ್ನೊಂದು ದಾರಿ ಹಳೆಯ ಬಾಡಿಗೇ 50 ಎಂಎಂ ಎಫ್/1.8 ಲೆನ್ಸ್ ಹಾಕುವುದು. ಅಪರ್ಚರ್ ಸಂಖ್ಯೆಯ ವರ್ಗವೇ ಬೆಳಕಿನ ಲೆಕ್ಕ: 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 9.7. ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. 1/60 ಇದ್ದ ಶಟರ್ ವೇಗ ಅದೇ ಐಎಸ್‌ಒದಲ್ಲಿ 1/500ಕ್ಕೆ ಏರುತ್ತದೆ, ಕಿರೀಟ ನಿಂತಲ್ಲಿ ನಿಲ್ಲುತ್ತದೆ. ವೇಷ ಕುಳಿತು ಅರ್ಥ ಹೇಳುತ್ತಿರುವಾಗ ಐಎಸ್‌ಒವನ್ನು 1600ಕ್ಕೆ ಇಳಿಸಿಯೂ 1/125 ಪಡೆಯಬಹುದು. ಕ್ಯಾನನ್‌ನ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿನ ಬೆಲೆ ಹೊಸ ಮಿರರ್‌ಲೆಸ್ ಬಾಡಿಯ ಕಾಲುಭಾಗಕ್ಕಿಂತ ಕಡಿಮೆ.

ಲಾಭದ ಜೊತೆ ಕಷ್ಟವೂ ಇದೆ. ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ತೀರ ತೆಳು, ಕಣ್ಣು ಸರಿಯಿದ್ದರೆ ಭುಜಕೀರ್ತಿ ಮಸುಕು. ಜೂಮ್ ಇಲ್ಲ, ಕಾಲೇ ಜೂಮ್. ಎಪಿಎಸ್-ಸಿ ಬಾಡಿಯಲ್ಲಿ 50 ಎಂಎಂ ಕೊಡುವ ನೋಟ ಫುಲ್‌ಫ್ರೇಮ್‌ನ 80 ಎಂಎಂಗೆ ಸಮ, ಆದ್ದರಿಂದ ಮನೆಯ ನಡುಕೋಣೆಯಲ್ಲಿ ಹತ್ತು ಜನರನ್ನು ಹಿಡಿಸಲು ಆಗುವುದಿಲ್ಲ. ಮನೆಯೊಳಗಿನ ಬಳಕೆಗೆ ಕ್ಯಾನನ್‌ನಲ್ಲಿ 24 ಎಂಎಂ ಎಫ್/2.8, ನಿಕಾನ್‌ನಲ್ಲಿ 35 ಎಂಎಂ ಎಫ್/1.8ಜಿ ಡಿಎಕ್ಸ್ ಹೆಚ್ಚು ಹೊಂದುತ್ತವೆ. ನಿಕಾನ್‌ನವರಿಗೆ ಒಂದು ಎಚ್ಚರಿಕೆ: ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಹಳೆಯ 50 ಎಂಎಂ ಎಫ್/1.8ಡಿ ಕೊಂಡರೆ ಕೈಯಲ್ಲೇ ಫೋಕಸ್ ತಿರುಗಿಸುತ್ತ ಕೂರಬೇಕಾಗುತ್ತದೆ.

ವೇದಿಕೆಯ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿ ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರನ್ನು 1/100 ಅಥವಾ 1/50ರಲ್ಲಿಟ್ಟರೆ ಈ ಪಟ್ಟೆಗಳು ಬಹುತೇಕ ಮಾಯವಾಗುತ್ತವೆ. ವೇಗ ಏರಿಸಿದಷ್ಟೂ ಹೆಚ್ಚುತ್ತವೆ.

ಫೋಕಸ್ ತಪ್ಪುತ್ತಿದ್ದರೆ ಒಂದು ಪರೀಕ್ಷೆ

ಡಿಎಸ್‌ಎಲ್‌ಆರ್‌ನ ಒಂದು ವಿಚಿತ್ರವನ್ನು ಬಹಳ ಜನ ಗಮನಿಸಿರುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯ ಮೂಲಕ ತೆಗೆದಾಗ ಫೋಕಸ್ ಅಳೆಯುವುದು ಚಿತ್ರ ಮೂಡಿಸುವ ಸೆನ್ಸರ್ ಅಲ್ಲ, ಕ್ಯಾಮೆರಾದ ತಳದಲ್ಲಿರುವ ಬೇರೆಯೇ ಒಂದು ಸೆನ್ಸರ್. ಕನ್ನಡಿಯಿಂದ ಕೆಳಗೆ ತಿರುಗಿದ ಬೆಳಕು ಅಲ್ಲಿಗೆ ಹೋಗುತ್ತದೆ. ಈ ಎರಡು ಹಾದಿಗಳ ಉದ್ದ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಪ್ರತಿ ಸಲವೂ ಸ್ವಲ್ಪ ಮುಂದೆಯೋ ಹಿಂದೆಯೋ ಬೀಳುತ್ತದೆ. 18-55ರಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಎಫ್/1.8 ಲೆನ್ಸ್ ಹಾಕಿದ ದಿನ ಬಯಲಾಗುತ್ತದೆ, ಬಯ್ಗುಳ ಮಾತ್ರ ಆ ಹೊಸ ಲೆನ್ಸಿಗೆ!

ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಎರಡು ಮೀಟರ್ ದೂರದಲ್ಲಿ ದೊಡ್ಡಕ್ಷರವಿರುವ ಡಬ್ಬವೊಂದನ್ನು ಇಡಿ. ಅಪರ್ಚರ್ ಪೂರ್ತಿ ತೆರೆದು, ನಡುವಿನ ಬಿಂದುವಿನಿಂದ, ಕಿಂಡಿಯ ಮೂಲಕ ಫೋಕಸ್ ಮಾಡಿ ಐದು ಫೋಟೊ ತೆಗೆಯಿರಿ. ಆಮೇಲೆ ಲೈವ್ ವ್ಯೂ ಆನ್ ಮಾಡಿ ಪರದೆ ನೋಡುತ್ತ ಐದು ತೆಗೆಯಿರಿ. ಲೈವ್ ವ್ಯೂನಲ್ಲಿ ಚಿತ್ರದ ಸೆನ್ಸರೇ ಫೋಕಸ್ ಅಳೆಯುತ್ತದೆ. ಎರಡನೆಯ ಗುಂಪು ಸ್ಪಷ್ಟವಾಗಿದ್ದು ಮೊದಲನೆಯದು ಪ್ರತಿ ಸಲ ಮಸುಕಾಗಿದ್ದರೆ ಲೆನ್ಸ್ ಚೆನ್ನಾಗಿದೆ, ಸೆನ್ಸರೂ ಚೆನ್ನಾಗಿದೆ, ಹೊಂದಾಣಿಕೆ ತಪ್ಪಿದೆ. ಇದನ್ನು ಮೆನುವಿನಲ್ಲೇ ತಿದ್ದುವ ಸೌಲಭ್ಯ ದೊಡ್ಡ ಮಾದರಿಗಳಲ್ಲಿದೆ, 100ಡಿಯಲ್ಲಿಲ್ಲ. ಸರ್ವಿಸ್ ಸೆಂಟರಿಗೆ ಬಾಡಿ ಮತ್ತು ಲೆನ್ಸ್ ಎರಡನ್ನೂ ಒಯ್ಯಬೇಕು.

ಮಿರರ್‌ಲೆಸ್ ಕ್ಯಾಮೆರಾಗಳ ನಿಜವಾದ ಬಲ ಇರುವುದು ಇಲ್ಲೇ. ಅವುಗಳಲ್ಲಿ ಯಾವಾಗಲೂ ಚಿತ್ರದ ಸೆನ್ಸರೇ ಫೋಕಸ್ ಅಳೆಯುವುದರಿಂದ ಈ ಬಗೆಯ ತಪ್ಪಿಗೆ ಎಡೆಯಿಲ್ಲ. ಜೊತೆಗೆ ಅವು ಮುಖವನ್ನು, ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತವೆ. ಒಂಬತ್ತು ಬಿಂದುಗಳ ಕ್ಯಾಮೆರಾದಲ್ಲಿ ಓಡುವ ಮಗುವನ್ನು ಹಿಡಿಯಲು ಹೆಣಗಿದವರಿಗೆ ಇದು ಜಾಹೀರಾತಿನ ಮಾತಲ್ಲ ಎಂದು ಒಂದೇ ದಿನದಲ್ಲಿ ತಿಳಿಯುತ್ತದೆ.

ಹಾಗಾದರೆ ಮೊಬೈಲ್ ಗೆದ್ದದ್ದು ಹೇಗೆ?

ಮೊಬೈಲಿನ ಸೆನ್ಸರ್ ಎಪಿಎಸ್-ಸಿಗಿಂತ ಎಷ್ಟೋ ಪಟ್ಟು ಚಿಕ್ಕದು. ಆದರೆ ಅದು ನೀವು ಗುಂಡಿ ಒತ್ತಿದಾಗ ಒಂದಲ್ಲ, ಹಲವು ಫೋಟೊ ತೆಗೆದು, ಒಂದರ ಮೇಲೊಂದು ಹೊಂದಿಸಿ, ಚುಕ್ಕೆಗಳನ್ನು ಸರಾಸರಿಯಲ್ಲಿ ಕರಗಿಸಿ, ನೆರಳನ್ನು ಬೆಳಗಿಸಿ ಕೊಡುತ್ತದೆ. ಡಿಎಸ್‌ಎಲ್‌ಆರ್ ಒಂದೇ ಫೋಟೊ ತೆಗೆದು, ಉಳಿದ ಕೆಲಸವನ್ನು ನಿಮಗೆ ಬಿಡುತ್ತದೆ. ನೀವು ಜೆಪೆಗ್‌ನಲ್ಲಿ ತೆಗೆದು ಹಾಗೆಯೇ ವಾಟ್ಸ್ಆ್ಯಪ್‌ಗೆ ಹಾಕಿದರೆ ಹೋಲಿಕೆ ಅಡುಗೆ ಮಾಡಿದ ಊಟಕ್ಕೂ ತೊಳೆದಿಟ್ಟ ತರಕಾರಿಗೂ ಆದಂತೆ.

ರಾ ಫೈಲಿನಲ್ಲಿ ತೆಗೆದು ಸಂಸ್ಕರಿಸುವವರಿಗೆ ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಲಾಭವಾಗಿದೆ. ಅಡೋಬಿ ಲೈಟ್‌ರೂಮ್‌ನಲ್ಲಿ 2023ರಲ್ಲಿ ಬಂದ ಡಿನಾಯ್ಸ್, ಡಿಎಕ್ಸ್‌ಒ ಕಂಪನಿಯ ಡೀಪ್‌ಪ್ರೈಮ್ ಇವೆಲ್ಲ ಯಂತ್ರಕಲಿಕೆಯ ನೆರವಿನಿಂದ ಚುಕ್ಕೆಗಳನ್ನು ತೆಗೆಯುತ್ತವೆ. 2014ರಲ್ಲಿ 100ಡಿಯಲ್ಲಿ ತೆಗೆದು 'ಹಾಳಾಯಿತು' ಎಂದು ಬಿಟ್ಟಿದ್ದ ರಾ ಫೈಲ್ ಇಂದು ಬೇರೆಯೇ ಫೋಟೊ ಆಗಿ ಎದ್ದು ಬರಬಹುದು. ಲೈಟ್‌ರೂಮ್‌ಗೆ ತಿಂಗಳ ಬಾಡಿಗೆ ಕಟ್ಟಬೇಕು. ಅದು ಬೇಡವೆಂದರೆ ಕ್ಯಾನನ್‌ನ ಸ್ವಂತ ಡಿಜಿಟಲ್ ಫೋಟೊ ಪ್ರೊಫೆಷನಲ್ ತಂತ್ರಾಂಶ ಉಚಿತ, ಚುಕ್ಕೆ ತೆಗೆಯುವುದರಲ್ಲಿ ಅಷ್ಟು ಚುರುಕಿಲ್ಲದಿದ್ದರೂ ಕಲಿಯಲು ಸಾಕು.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 18ರಿಂದ 24ಕ್ಕೆ ಏರಿದರೆ ಮೂರನೇ ಒಂದು ಭಾಗ ಜಾಸ್ತಿ ಅನ್ನಿಸುತ್ತದೆ. ಉದ್ದದಲ್ಲಿ ನೋಡಿದರೆ 5184 ಪಿಕ್ಸೆಲ್ 6000 ಆಗುತ್ತದೆ, ಅಂದರೆ ಶೇ. 16ರಷ್ಟು ಮಾತ್ರ. 18 ಮೆಗಾಪಿಕ್ಸೆಲ್‌ನ ಫೋಟೊವನ್ನು ಎ3 ಹಾಳೆಯಲ್ಲಿ ಇಂಚಿಗೆ ಸುಮಾರು 300 ಚುಕ್ಕಿಯಂತೆ ಮುದ್ರಿಸಬಹುದು. 4ಕೆ ಟಿವಿ ತೋರಿಸುವುದು ಬರೀ 8.3 ಮೆಗಾಪಿಕ್ಸೆಲ್.

ಮಂಜು ಕವಿದಂತಿದ್ದರೆ ಲೆನ್ಸನ್ನು ಬೆಳಕಿಗೆ ಹಿಡಿಯಿರಿ

ಕರಾವಳಿ, ಮಲೆನಾಡಿನವರು ಇದನ್ನು ಮೊದಲು ಮಾಡಬೇಕು. ಫೋಟೊಗಳು ಮುಂಚಿನಂತೆ ಗರಿಗರಿಯಾಗಿಲ್ಲ, ಬೆಳಕಿಗೆ ಎದುರಾಗಿ ತೆಗೆದರೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತವೆ ಎಂದಾದರೆ ವಯಸ್ಸಾದದ್ದು ಸೆನ್ಸರಿಗಲ್ಲ, ಲೆನ್ಸಿನೊಳಗೆ ಬೂಷ್ಟು ಹಿಡಿದಿರಬಹುದು. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದೇ ಫಂಗಸ್. ಗಾಳಿಯ ತೇವಾಂಶ ಶೇ. 60 ದಾಟಿ ದಿನಗಟ್ಟಲೆ ನಿಂತರೆ, ಅದರಲ್ಲೂ ಕತ್ತಲಲ್ಲಿ, ಅದು ಬೆಳೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬಟ್ಟೆಯ ಬೀರುವಿನಲ್ಲಿ, ಚರ್ಮದ ಚೀಲದೊಳಗೆ ಇಟ್ಟ ಕ್ಯಾಮೆರಾ ಅದಕ್ಕೆ ಒಳ್ಳೆಯ ಮನೆ.

ಆರಂಭದ ಹಂತದಲ್ಲಿದ್ದರೆ ಲೆನ್ಸ್ ಬಿಚ್ಚಿ ಸ್ವಚ್ಛಗೊಳಿಸಬಹುದು. ಗಾಜಿನ ಲೇಪನವನ್ನು ತಿಂದಿದ್ದರೆ ಕಲೆ ಉಳಿಯುತ್ತದೆ. ತಡೆಯುವುದಕ್ಕೆ ದೊಡ್ಡ ಖರ್ಚಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಚಿಕ್ಕ ಮಾಪಕ ಇದ್ದರೆ ಸಾಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಿ. ಹೊಸ ಕ್ಯಾಮೆರಾ ಕೊಂಡು ಅದನ್ನೂ ಅದೇ ಬೀರುವಿನಲ್ಲಿಟ್ಟರೆ ಅದಕ್ಕೂ ಇದೇ ಗತಿ.

ಬಾಡಿ ಬದಲಿಸಲೇಬೇಕಾದ ಸಂದರ್ಭ

ಹಳೆಯದನ್ನೇ ತಿಕ್ಕಿ ಬಳಸಿ ಎಂದು ಎಲ್ಲರಿಗೂ ಹೇಳಲು ಬರುವುದಿಲ್ಲ. ಹಾರುವ ಹಕ್ಕಿ, ಕಂಬಳ, ಕಬಡ್ಡಿ ನಿಮ್ಮ ವಿಷಯವಾಗಿದ್ದರೆ ಸೆಕೆಂಡಿಗೆ 4 ಫೋಟೊ, ಅದೂ ರಾ ಫೈಲಿನಲ್ಲಾದರೆ ಕೆಲವೇ ಫೋಟೊಗಳ ನಂತರ ಏದುಸಿರು ಬಿಡುವ ಬಾಡಿ ನಿಜವಾಗಿಯೂ ಅಡ್ಡಿ. ರಂಗನತಿಟ್ಟಿನಲ್ಲಿ ದೋಣಿಯ ಸಮೀಪ ಕೂತ ಕೊಕ್ಕರೆಗೆ 55-250 ಲೆನ್ಸ್ ಸಾಕು, ಮಿಂಚುಳ್ಳಿ ನೀರಿಗೆ ಧುಮುಕುವುದನ್ನು ಹಿಡಿಯಲು ಸಾಲದು. ವಿಡಿಯೊ ನಿಮ್ಮ ಮುಖ್ಯ ಕೆಲಸವಾಗಿದ್ದರೂ ಅಷ್ಟೇ. 100ಡಿ ವಿಡಿಯೊ ತೆಗೆಯುವಾಗ ಫೋಕಸ್ ಹುಡುಕಾಡುತ್ತದೆ. 200ಡಿಯಲ್ಲಿ ಬಂದ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. ಹಾಗಾಗಿ 200ಡಿ ಇರುವವರಿಗೆ ವಿಡಿಯೊ ಕಾರಣಕ್ಕೆ ಬದಲಿಸುವ ಅವಸರ ಅಷ್ಟಿಲ್ಲ.

ಇನ್ನೊಂದು ಕಾರಣದ ಬಗ್ಗೆ ಮಾತು ಕಡಿಮೆ. ದುಡ್ಡು ತೆಗೆದುಕೊಂಡು ಮದುವೆ, ನಾಮಕರಣ ತೆಗೆಯಲು ಹೊರಟವರಿಗೆ ಎರಡು ಕಾರ್ಡ್ ಹಾಕುವ ಬಾಡಿ ಬೇಕು. ಧಾರೆ ಎರೆದ ಕ್ಷಣ ಇರುವ ಒಂದೇ ಕಾರ್ಡ್ ಕೈಕೊಟ್ಟರೆ, ಮತ್ತೊಮ್ಮೆ ಧಾರೆ ಎರೆಯಿರಿ ಎಂದು ಯಾರನ್ನೂ ಕೇಳಲಾಗುವುದಿಲ್ಲ. 100ಡಿಯಲ್ಲಿ ಇರುವುದು ಒಂದೇ ಕಾರ್ಡ್. ಆದರೆ ಅದರ ಸಹಜ ಉತ್ತರಾಧಿಕಾರಿ ಎಂದು ಅಂಗಡಿಯಲ್ಲಿ ತೋರಿಸುವ ಇಒಎಸ್ ಆರ್50ರಲ್ಲೂ ಒಂದೇ, ಆರ್10ರಲ್ಲೂ ಒಂದೇ. 2022ರಲ್ಲಿ ಬಂದ ಆರ್7ರಲ್ಲಿ ಎರಡಿವೆ. ವೃತ್ತಿಗಾಗಿ ಬದಲಿಸುವವರು ಮಧ್ಯದ ಮೆಟ್ಟಿಲಿಗೆ ದುಡ್ಡು ಹಾಕದೆ ಇನ್ನಷ್ಟು ಕಾಯುವುದೇ ಮೇಲು.

ಆರ್50 ಕೊಳ್ಳುವವರು ಕಿಟ್ ಲೆನ್ಸಿನ ಮೇಲಿನ ಅಂಕಿಯನ್ನೂ ಓದಬೇಕು. ಜೊತೆಗೆ ಬರುವ 18-45 ಲೆನ್ಸಿನ ಅಪರ್ಚರ್ ಎಫ್/4.5ರಿಂದ 6.3. ನಿಮ್ಮ ಹಳೆಯ 18-55ರದ್ದು 3.5ರಿಂದ 5.6. ಅಂದರೆ 18 ಎಂಎಂನಲ್ಲಿ ಹಳೆಯ ಲೆನ್ಸೇ ಒಂದೂವರೆ ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬಿಡುತ್ತದೆ! ರಾತ್ರಿಯ ಫೋಟೊ ಸರಿಯಾಗಲಿ ಎಂದು ಕ್ಯಾಮೆರಾ ಬದಲಿಸಿ, ಕಡಿಮೆ ಬೆಳಕಿನ ಲೆನ್ಸ್ ಹಿಡಿದು ಮನೆಗೆ ಬಂದಂತಾಗುತ್ತದೆ. ಹಳೆಯ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಒಂದು ಅಡಾಪ್ಟರ್ ಮೂಲಕ ಆರ್ ಸರಣಿಯ ಬಾಡಿಗಳಲ್ಲಿ ಫೋಕಸ್ ಸಮೇತ ಕೆಲಸ ಮಾಡುತ್ತವೆ, ಆದ್ದರಿಂದ ಲೆನ್ಸ್‌ಗೆ ಹಾಕಿದ ಹಣ ಬಾಡಿ ಬದಲಾದರೂ ಉಳಿಯುತ್ತದೆ. ಫುಲ್‌ಫ್ರೇಮ್‌ಗೆ ಹೋಗುವವರಿಗೆ ಮಾತ್ರ ಇಎಫ್-ಎಸ್ ಲೆನ್ಸ್‌ಗಳು ಭಾರ: 20 ಮೆಗಾಪಿಕ್ಸೆಲ್‌ನ ಆರ್6ಗೆ ಅವನ್ನು ಹಾಕಿದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ, ಫೋಟೊ 8 ಮೆಗಾಪಿಕ್ಸೆಲ್ ಕೂಡ ಇರುವುದಿಲ್ಲ.

ತೂಕವನ್ನೂ ಲೆಕ್ಕಕ್ಕೆ ತನ್ನಿ. 407 ಗ್ರಾಂನ ಕ್ಯಾಮೆರಾ ಹೆಗಲ ಚೀಲದಲ್ಲಿ ಹಂಪಿಯ ಮಾತಂಗ ಬೆಟ್ಟ ಹತ್ತುತ್ತದೆ. ಫುಲ್‌ಫ್ರೇಮ್ ಬಾಡಿಗೆ ಎಫ್/2.8 ಜೂಮ್ ಸೇರಿಸಿದರೆ ಒಂದೂವರೆ ಕಿಲೊ ಆಗುತ್ತದೆ, ಎಷ್ಟೋ ಜನರ ಮನೆಯಲ್ಲಿ ಅದು ಹಬ್ಬಕ್ಕೊಮ್ಮೆ ಹೊರಬರುವ ಬೆಳ್ಳಿ ತಟ್ಟೆಯಾಗಿದೆ.

ಇಷ್ಟೆಲ್ಲ ಲೆಕ್ಕ ಹಾಕಿಯೂ ಹೊಸ ಬಾಡಿಯೇ ಬೇಕು ಎಂದು ಪಟ್ಟಿ ಹೇಳಿದರೆ, ಕಂತಿಗೆ ಸಹಿ ಹಾಕುವ ಮೊದಲು ಅದನ್ನು ಒಂದು ದಿನದ ಬಾಡಿಗೆಗೆ ತನ್ನಿ. ಬೆಂಗಳೂರಿನಂಥ ಊರುಗಳಲ್ಲಿ ಬಾಡಿ, ಅಡಾಪ್ಟರ್ ಎರಡೂ ದಿನದ ಲೆಕ್ಕದಲ್ಲಿ ಸಿಗುತ್ತವೆ. ಅದಕ್ಕೆ ನಿಮ್ಮ ಹಳೆಯ ಲೆನ್ಸನ್ನೇ ಹಾಕಿ, ಫೋಟೊಗಳು ಹೆಚ್ಚು ಕೆಟ್ಟಿದ್ದ ಜಾಗಕ್ಕೇ ಹೋಗಿ, ಅಂಥದೇ ಬೆಳಕಿನಲ್ಲಿ ನೂರು ಫೋಟೊ ತೆಗೆಯಿರಿ. ಮನೆಗೆ ಬಂದು, ಕೆಟ್ಟವುಗಳ ಹಳೆಯ ಫೋಲ್ಡರಿನ ಪಕ್ಕದಲ್ಲಿ ಇವನ್ನು ತೆರೆದು, ಅದೇ ಒಂದು ಪದದ ಪಟ್ಟಿಯನ್ನು ಮತ್ತೊಮ್ಮೆ ಬರೆಯಿರಿ.